ಖಾಕಿ ಕೊಟ್ಟರೆ ಸಾಕೇ, ಕಲಿಸುವುದು ಬೇಡವೇ?

ಪೊಲೀಸ್ ಇಲಾಖೆಯಲ್ಲಿ ಮಹಿಳೆಯರ ಪ್ರಮಾಣವನ್ನು ಶೇ. 33ಕ್ಕೆ ಏರಿಸಬೇಕೆಂದು ಕೇಂದ್ರ ಗೃಹ ಸಚಿವಾಲಯವು ರಾಜ್ಯಗಳಿಗೆ ಸಲಹೆ ನೀಡಿದ್ದು 2009ರಲ್ಲಿ. 2013ರಲ್ಲಿ ಅದನ್ನೇ ಪುನರುಚ್ಚರಿಸಿದ ಸಚಿವಾಲಯ, ಪ್ರತಿ ಠಾಣೆಯಲ್ಲೂ ಕನಿಷ್ಠ ಮೂವರು ಮಹಿಳಾ ಸಬ್ ಇನ್ಸ್‌ಪೆಕ್ಟರ್‌ಗಳು ಮತ್ತು ಹತ್ತು ಮಂದಿ ಮಹಿಳಾ ಕಾನ್‌ಸ್ಟೆಬಲ್‌ಗಳು ಇರಬೇಕೆಂದಿತು. ಆ ಬಳಿಕ ಎಷ್ಟು ಮಹಿಳಾ ದಿನಾಚರಣೆಗಳು ಬಂದುಹೋದವು, ಎಷ್ಟು ಸಚಿವರು ವೇದಿಕೆಯೇರಿ ಈ ಸಂಖ್ಯೆಯನ್ನು ಉಚ್ಚರಿಸಿ ಚಪ್ಪಾಳೆ ಗಿಟ್ಟಿಸಿದರು ಎಂಬುದಕ್ಕೆ ಲೆಕ್ಕವಿಲ್ಲ. 2025ರ ಇಂಡಿಯಾ ಜಸ್ಟಿಸ್ ರಿಪೋರ್ಟ್ ಕೊಡುವ ಲೆಕ್ಕ ಮಾತ್ರ ಬೇರೆಯೇ ಇದೆ. ದೇಶದ ಪೊಲೀಸ್ ಪಡೆಗಳಲ್ಲಿರುವ ಸುಮಾರು 2.4 ಲಕ್ಷ ಮಹಿಳೆಯರ ಪೈಕಿ ಐಪಿಎಸ್ ದರ್ಜೆಯಲ್ಲಿರುವವರು 960 ಮಂದಿ. 2.17 ಲಕ್ಷ ಮಂದಿ ಕಾನ್‌ಸ್ಟೆಬಲ್ ಹಂತದಲ್ಲಿದ್ದಾರೆ. ಅಂದರೆ ಹತ್ತರಲ್ಲಿ ಒಂಬತ್ತು ಮಂದಿ ಮೆಟ್ಟಿಲಿನ ಬುಡದಲ್ಲೇ ನಿಂತಿದ್ದಾರೆ.

ಈ ಸಂಖ್ಯೆಯನ್ನು ಮುಂದಿಟ್ಟುಕೊಂಡು ಇನ್ನಷ್ಟು ಮಹಿಳೆಯರನ್ನು ನೇಮಿಸಿಕೊಳ್ಳಿ ಎಂದು ಕೂಗುವುದು ಸುಲಭ. ಆ ಕೂಗು ತಪ್ಪೇನೂ ಅಲ್ಲ. ಆದರೆ ನೇಮಿಸಿಕೊಂಡವರಿಗೆ ಸರಕಾರವು ಏನು ಕಲಿಸುತ್ತಿದೆ, ಎಷ್ಟು ಬಾರಿ ಕಲಿಸುತ್ತಿದೆ, ಕಲಿತದ್ದನ್ನು ಬಳಸಲು ಯಾವ ಕೆಲಸ ಕೊಡುತ್ತಿದೆ ಎಂಬ ಪ್ರಶ್ನೆಯನ್ನು ಕೇಳುವವರೇ ಇಲ್ಲ. ವಾಸ್ತವದಲ್ಲಿ ಠಾಣೆಯ ಮೆಟ್ಟಿಲೇರುವ ನೊಂದ ಹೆಣ್ಣಿನ ಪಾಲಿಗೆ ಈ ಪ್ರಶ್ನೆಯೇ ಮುಖ್ಯವಾದುದು. ಅವಳೆದುರು ಕುಳಿತಿರುವುದು ಮಹಿಳೆಯೋ ಪುರುಷನೋ ಎಂಬುದರಷ್ಟೇ, ಕುಳಿತಿರುವವರಿಗೆ ಕೆಲಸ ಗೊತ್ತಿದೆಯೋ ಇಲ್ಲವೋ ಎಂಬುದೂ ಅವಳ ಬದುಕನ್ನು ನಿರ್ಧರಿಸುತ್ತದೆ.

ಕಾನೂನು ಈ ಹತ್ತು ಹದಿಮೂರು ವರ್ಷಗಳಲ್ಲಿ ಮಹಿಳಾ ಪೊಲೀಸರ ಹೆಗಲ ಮೇಲೆ ಎಂತಹ ಭಾರವನ್ನು ಹೇರಿದೆ ಎಂಬುದನ್ನು ಒಮ್ಮೆ ಗಮನಿಸಿ. ದಿಲ್ಲಿಯ 2012ರ ಡಿಸೆಂಬರ್ ಘಟನೆಯ ಬಳಿಕ ನ್ಯಾಯಮೂರ್ತಿ ವರ್ಮಾ ಸಮಿತಿ ವರದಿ ನೀಡಿತು. 2013ರಲ್ಲಿ ಕ್ರಿಮಿನಲ್ ಕಾನೂನಿಗೆ ತಿದ್ದುಪಡಿಯಾಯಿತು. ಅತ್ಯಾಚಾರ ಮತ್ತು ಲೈಂಗಿಕ ದೌರ್ಜನ್ಯದ ದೂರನ್ನು ಸಂತ್ರಸ್ತೆಯೇ ನೀಡುವಾಗ ಅದನ್ನು ಮಹಿಳಾ ಪೊಲೀಸ್ ಅಧಿಕಾರಿಯೇ ಬರೆದುಕೊಳ್ಳಬೇಕು ಎಂದಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ ಸಂಬಂಧಿಸಿದ 2012ರ ಪೋಕ್ಸೋ ಕಾಯ್ದೆಯು, ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್ಸ್‌ಪೆಕ್ಟರ್ ದರ್ಜೆಗಿಂತ ಕಡಿಮೆಯಲ್ಲದ ಮಹಿಳಾ ಅಧಿಕಾರಿಯು ಪಡೆಯಬೇಕು, ಆಗ ಸಮವಸ್ತ್ರದಲ್ಲಿರಬಾರದು ಎನ್ನುತ್ತದೆ. ಸೂರ್ಯಾಸ್ತದ ಬಳಿಕ ಮಹಿಳೆಯನ್ನು ಬಂಧಿಸಬಾರದು. ಅನಿವಾರ್ಯವಾದರೆ ಮಹಿಳಾ ಅಧಿಕಾರಿಯು ಲಿಖಿತ ವರದಿಯೊಂದಿಗೆ ಮ್ಯಾಜಿಸ್ಟ್ರೇಟರ ಮುಂಚಿತ ಅನುಮತಿ ಪಡೆಯಬೇಕು. ಮಹಿಳೆಯ ಅಂಗಶೋಧನೆಯನ್ನು ಮಹಿಳೆಯೇ ಮಾಡಬೇಕು. ಹೀಗೆ ಸಾಗುತ್ತದೆ ಪಟ್ಟಿ. ಒಟ್ಟಿನಲ್ಲಿ ಅತ್ಯಂತ ಸೂಕ್ಷ್ಮವಾದ, ಕೊಂಚ ಎಡವಿದರೂ ಪ್ರಕರಣವೇ ಮುರಿದುಬೀಳಬಹುದಾದ ಕೆಲಸಗಳನ್ನೆಲ್ಲ ಕಾನೂನು ಇವರಿಗೇ ವಹಿಸಿದೆ.

ಹೇಳಿಕೆ ಬರೆದುಕೊಳ್ಳುವುದೆಂದರೆ ಕೇವಲ ಬರವಣಿಗೆಯ ಕೆಲಸವೆಂದು ಭಾವಿಸಿದವರು ನ್ಯಾಯಾಲಯದ ಪಾಟೀ ಸವಾಲನ್ನು ಒಮ್ಮೆ ಆಲಿಸಬೇಕು. ಭಯದಿಂದ ತತ್ತರಿಸಿ ಹೋದವಳು ಘಟನೆಯನ್ನು ಕ್ರಮಬದ್ಧವಾಗಿ ಹೇಳುವುದಿಲ್ಲ. ಒಮ್ಮೆ ಸಂಜೆ ಎನ್ನುತ್ತಾಳೆ, ಇನ್ನೊಮ್ಮೆ ರಾತ್ರಿ ಎನ್ನುತ್ತಾಳೆ; ಮುಖ್ಯವಾದುದನ್ನು ನಾಚಿಕೆಯಿಂದ ಮರೆಮಾಚುತ್ತಾಳೆ. ಅವಳನ್ನು ಹೆದರಿಸದೆ, ಅವಳ ಬಾಯಿಗೆ ತಮ್ಮ ಮಾತನ್ನು ತುರುಕದೆ, ಅವಳದೇ ಮಾತುಗಳಲ್ಲಿ ಬರೆದುಕೊಳ್ಳಬೇಕು. 24 ಗಂಟೆಗಳೊಳಗೆ ವೈದ್ಯಕೀಯ ತಪಾಸಣೆಗೆ ಕಳುಹಿಸಬೇಕು. ಘಟನೆಯ ವೇಳೆ ತೊಟ್ಟಿದ್ದ ಬಟ್ಟೆಯನ್ನು ತೊಳೆಯದೆ ಕೊಡಬೇಕೆಂದು ತಿಳಿಸಬೇಕು. ಅದನ್ನು ನೆರಳಲ್ಲಿ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಲ್ಲ, ಕಾಗದದ ಹೊದಿಕೆಯಲ್ಲಿಟ್ಟು ಮೊಹರು ಮಾಡಬೇಕು. ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ದಾಖಲಿಸಬೇಕು. ಎರಡು ಬೆರಳ ಪರೀಕ್ಷೆ ಎಂಬ ಅಮಾನುಷ ಪದ್ಧತಿಯನ್ನು ನಡೆಸಿದರೆ ಅದು ದುರ್ನಡತೆಯಾಗುತ್ತದೆಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ತೀರ್ಪಿತ್ತಿದೆ; ಆಸ್ಪತ್ರೆಯಲ್ಲಿ ಯಾರಾದರೂ ಅದಕ್ಕೆ ಮುಂದಾದರೆ ಬೇಡವೆನ್ನುವ ತಿಳಿವಳಿಕೆ ಜೊತೆಗೆ ಹೋದ ಮಹಿಳಾ ಸಿಬ್ಬಂದಿಗೆ ಇರಬೇಕು. ಹೊಸ ಸಂಹಿತೆಯಂತೆ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ಶೋಧ ಮತ್ತು ಜಪ್ತಿಯನ್ನು ಚಿತ್ರೀಕರಿಸಬೇಕು. ಇವೆಲ್ಲ ಹೆಣ್ಣಾಗಿ ಹುಟ್ಟಿದ ಮಾತ್ರಕ್ಕೆ ಬಂದುಬಿಡುವ ವಿದ್ಯೆಗಳೇ?

ಮಹಿಳೆಯೊಬ್ಬಳನ್ನು ಕೂರಿಸಿದರೆ ಸಾಕು, ತಾಯ್ತನದ ಮಮತೆಯಿಂದ ಅವಳೇ ಎಲ್ಲವನ್ನೂ ನಿಭಾಯಿಸುತ್ತಾಳೆ ಎಂದು ನಮ್ಮ ಆಡಳಿತಗಾರರು ನಂಬಿದಂತಿದೆ. ಇದು ಗೌರವವಲ್ಲ, ಗೌರವದ ವೇಷ ತೊಟ್ಟ ಉದಾಸೀನ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯೆಯಿಂದ ನಾವು ಮಮತೆಯನ್ನಷ್ಟೇ ನಿರೀಕ್ಷಿಸುತ್ತೇವೆಯೇ?

ಇನ್ನು ತರಬೇತಿಯ ವಿಷಯಕ್ಕೆ ಬರೋಣ. ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು 2019ರಲ್ಲಿ ಪ್ರಕಟಿಸಿದ ವರದಿಯು 21 ರಾಜ್ಯಗಳ ಸುಮಾರು 12 ಸಾವಿರ ಪೊಲೀಸರನ್ನು ಮಾತನಾಡಿಸಿ, ಸರಕಾರಿ ಅಂಕಿಅಂಶಗಳನ್ನೂ ಪರಿಶೀಲಿಸಿ ಸಿದ್ಧಪಡಿಸಿದ್ದು. ಅದರ ಪ್ರಕಾರ ಹಿಂದಿನ ಐದು ವರ್ಷಗಳಲ್ಲಿ ಸೇವೆಯಲ್ಲಿದ್ದಾಗಲೇ ತರಬೇತಿ ಪಡೆದವರು ಪಡೆಯ ಶೇ. 6ರಷ್ಟು ಮಾತ್ರ. ಅದರಲ್ಲೂ ಮೇಲಧಿಕಾರಿಗಳಿಗೆ ಸಿಕ್ಕ ಅವಕಾಶ ಕಾನ್‌ಸ್ಟೆಬಲ್‌ಗಳಿಗೆ ಸಿಕ್ಕಿಲ್ಲ. ಮಹಿಳೆಯರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಕಾನ್‌ಸ್ಟೆಬಲ್‌ಗಳೇ ಆಗಿರುವಾಗ ಅವರ ಪಾಲಿಗೆ ಏನು ಉಳಿದೀತು ಎಂಬುದನ್ನು ಓದುಗರೇ ಊಹಿಸಬಹುದು. ಜಸ್ಟಿಸ್ ರಿಪೋರ್ಟ್ ಹೇಳುವಂತೆ ಪೊಲೀಸ್ ಬಜೆಟ್ಟಿನಲ್ಲಿ ತರಬೇತಿಗೆ ಸಿಗುವುದು ಸರಾಸರಿ ಶೇ. 1.25. ತರಬೇತಿಯ ಬಗ್ಗೆ ಇಲಾಖೆಗೆ ಆಸಕ್ತಿಯಿಲ್ಲ, ಪೊಲೀಸರ ಮನೋಭಾವ ಬದಲಾಗದೆ ಪೊಲೀಸ್ ಸುಧಾರಣೆ ಆಗದು ಎಂಬ ಮಾತು ಹೊಸತೇನಲ್ಲ, ಪ್ರೊ. ಎಂ.ಎಸ್. ಗೋರೆ ನೇತೃತ್ವದ ಸಮಿತಿಯು 1973ರಲ್ಲೇ ಈ ಕುರಿತು ವರದಿ ನೀಡಿತ್ತು. ಅರ್ಧ ಶತಮಾನ ಕಳೆಯಿತು.

ಸಿಬ್ಬಂದಿಯ ಕೊರತೆಯಿರುವ ಠಾಣೆಯೊಂದಕ್ಕೆ ತರಬೇತಿಗೆ ಒಬ್ಬರನ್ನು ಕಳುಹಿಸಿ ಎಂಬ ಪತ್ರ ಬಂತೆನ್ನಿ. ಠಾಣಾಧಿಕಾರಿಯು ಯಾರಿಲ್ಲದಿದ್ದರೂ ಕೆಲಸ ನಡೆಯುತ್ತದೋ ಅವರನ್ನು ಕಳುಹಿಸುತ್ತಾರೆ, ಯಾರಿಗೆ ಅಗತ್ಯವಿದೆಯೋ ಅವರನ್ನಲ್ಲ. ಮಹಿಳಾ ಸಿಬ್ಬಂದಿ ಇರುವುದೇ ಇಬ್ಬರೋ ಮೂವರೋ. ಅವರಲ್ಲೊಬ್ಬಳನ್ನು ಬಿಟ್ಟರೆ ಆರೋಪಿ ಮಹಿಳೆಯನ್ನು ನ್ಯಾಯಾಲಯಕ್ಕೆ ಕರೆದೊಯ್ಯುವವರು ಯಾರು, ಸಚಿವರ ಕಾರ್ಯಕ್ರಮದ ಬಂದೋಬಸ್ತಿಗೆ ಮಹಿಳಾ ಸಾಲಿನಲ್ಲಿ ನಿಲ್ಲುವವರು ಯಾರು? ಆದ್ದರಿಂದ ಅವಳ ಹೆಸರು ಪಟ್ಟಿಗೆ ಏರುವುದೇ ಇಲ್ಲ. ಏರಿದರೂ, ಹಾಲು ಕುಡಿಯುವ ಮಗುವನ್ನು ಬಿಟ್ಟು ದೂರದ ಊರಿನ ತರಬೇತಿ ಶಾಲೆಯಲ್ಲಿ ವಾರಗಟ್ಟಲೆ ಇರುವುದು ಹೇಗೆ? ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಯಾಗಲಿ, ಯೋಗ್ಯವಾದ ವಸತಿಯಾಗಲಿ ಇಲ್ಲವೆಂದಾಗ ಅವಳೇ 'ಬೇಡ ಸಾರ್' ಎನ್ನುತ್ತಾಳೆ. ಅಷ್ಟು ಸಾಕು. 'ಹೆಂಗಸರಿಗೆ ತರಬೇತಿಯಲ್ಲಿ ಆಸಕ್ತಿಯಿಲ್ಲ' ಎಂದು ಕಡತ ಮುಚ್ಚಲ್ಪಡುತ್ತದೆ. ಐವರಲ್ಲಿ ಒಬ್ಬ ಮಹಿಳಾ ಪೊಲೀಸ್ ತನ್ನ ಠಾಣೆಯಲ್ಲಿ ಪ್ರತ್ಯೇಕ ಶೌಚಾಲಯವಿಲ್ಲವೆಂದೂ ನಾಲ್ವರಲ್ಲಿ ಒಬ್ಬಳು ಲೈಂಗಿಕ ಕಿರುಕುಳದ ದೂರು ಸಮಿತಿಯಿಲ್ಲವೆಂದೂ ಅದೇ 2019ರ ವರದಿಯಲ್ಲಿ ಹೇಳಿದ್ದಾರೆ. ಶೌಚಾಲಯವನ್ನೇ ಕೊಡದ ಇಲಾಖೆ ಶಿಶುವಿಹಾರ ಕೊಡುತ್ತದೆಂದು ನಂಬುವುದಾದರೂ ಹೇಗೆ?

ಹಾಗಾದರೆ ಮಹಿಳೆಯರಿಗೆ ತರಬೇತಿಯೇ ಇಲ್ಲವೇ? ಇದೆ. ಪತ್ರಿಕೆಗಳಲ್ಲಿ ಆಗಾಗ ಚಿತ್ರಗಳೂ ಬರುತ್ತವೆ. ಯೋಗ ಶಿಬಿರ, ಒತ್ತಡ ನಿರ್ವಹಣೆ, ಕರಾಟೆ, ಬೈಕ್ ಜಾಥಾ. ನಮ್ಮ ಜಿಲ್ಲೆಗಳಲ್ಲಿ ಓಬವ್ವ, ಚೆನ್ನಮ್ಮ, ಅಬ್ಬಕ್ಕರ ಹೆಸರಿನಲ್ಲಿ ಮಹಿಳಾ ಪಡೆಗಳನ್ನು ಕಟ್ಟಲಾಗಿದೆ. ಶಾಲಾ ಬಾಲಕಿಯರಿಗೆ ಆತ್ಮರಕ್ಷಣೆ ಕಲಿಸುವ ಆ ಸಿಬ್ಬಂದಿಯ ಶ್ರಮವನ್ನು ಹೀಗಳೆಯುವ ಉದ್ದೇಶ ನಮಗಿಲ್ಲ. ಆದರೆ ಕೊಲೆ ಪ್ರಕರಣದ ತನಿಖೆ, ಸೈಬರ್ ವಂಚನೆ, ಹಣಕಾಸಿನ ಅಪರಾಧ, ದೋಷಾರೋಪ ಪಟ್ಟಿಯ ರಚನೆ, ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿಯುವ ಕ್ರಮ ಮುಂತಾದ ವಿಷಯಗಳು ಬಂದಾಗ ಈ ಪಡೆಗಳನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಪುರುಷರು ಕ್ಷೇತ್ರಕಾರ್ಯಕ್ಕೆ, ಮಹಿಳೆಯರು ಠಾಣೆಯೊಳಗಿನ ದಾಖಲೆ ಕೆಲಸಕ್ಕೆ ಎಂಬ ವಿಭಜನೆಯನ್ನೂ ಆ ವರದಿ ಗುರುತಿಸಿದೆ. ತನಿಖೆ ಮಾಡದವರಿಗೆ ತನಿಖೆ ಕಲಿಸುವುದೇಕೆ ಎನ್ನುತ್ತಾರೆ. ತನಿಖೆ ಕಲಿಯದವರಿಗೆ ತನಿಖೆ ಕೊಡುವುದು ಹೇಗೆ ಎಂದೂ ಅವರೇ ಕೇಳುತ್ತಾರೆ! ಬಡ್ತಿಯ ವೇಳೆ 'ಅನುಭವ ಸಾಲದು' ಎಂಬ ಷರಾ ಬರೆಯುವವರೂ ಅವರೇ.

ಪ್ರತ್ಯೇಕ ಮಹಿಳಾ ಠಾಣೆಗಳು ಇದಕ್ಕೆ ಪರಿಹಾರವೆಂದು ಬಹಳ ಮಂದಿ ನಂಬಿದ್ದಾರೆ. ದೇಶದ ಮೊದಲ ಮಹಿಳಾ ಠಾಣೆಯನ್ನು 1973ರ ಅಕ್ಟೋಬರ್ 27ರಂದು ಕೋಝಿಕ್ಕೋಡಿನಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದ್ದರು. ನೊಂದ ಮಹಿಳೆಗೆ ನಿಸ್ಸಂಕೋಚವಾಗಿ ಮಾತನಾಡಲು ಅಲ್ಲೊಂದು ಅವಕಾಶವಿದೆ ಎಂಬುದು ನಿಜ. ಆದರೆ ಕ್ರಮೇಣ ಇವು ಗಂಡ ಹೆಂಡಿರ ಜಗಳದಲ್ಲಿ ರಾಜಿ ಮಾಡಿಸುವ ಪಂಚಾಯಿತಿ ಕಟ್ಟೆಗಳಾದವು. ಪೆಟ್ಟು ತಿಂದು ಬಂದವಳಿಗೆ 'ಹೊಂದಿಕೊಂಡು ಹೋಗಮ್ಮಾ' ಎಂದು ಬುದ್ಧಿ ಹೇಳಲು ಖಾಕಿ ಏಕೆ ಬೇಕು? ಅದನ್ನು ಅವಳ ಅತ್ತೆಯೇ ಹೇಳಿರುತ್ತಾಳೆ. ಉಳಿದೆಲ್ಲ ಅಪರಾಧಗಳ ತನಿಖೆಯಿಂದ ಮಹಿಳಾ ಸಿಬ್ಬಂದಿಯನ್ನು ದೂರವಿಡಲು ಈ ಠಾಣೆಗಳು ನೆಪವಾದದ್ದು ಇನ್ನೊಂದು ನಷ್ಟ.

'ಮಹಿಳೆಯರಿಗೆ ಇವೆಲ್ಲ ಆಗುವುದಿಲ್ಲ' ಎನ್ನುವವರಿಗೆ ಲೈಬೀರಿಯಾವನ್ನು ನೆನಪಿಸಬೇಕು. ಅಂತರ್ಯುದ್ಧದಿಂದ ಛಿದ್ರವಾಗಿದ್ದ ಆ ಆಫ್ರಿಕನ್ ದೇಶಕ್ಕೆ 2007ರ ಜನವರಿಯಲ್ಲಿ ಭಾರತವು ಸಿಆರ್‌ಪಿಎಫ್‌ನ ನೂರಕ್ಕೂ ಮಿಕ್ಕಿದ ಮಹಿಳೆಯರ ತುಕಡಿಯನ್ನು ಕಳುಹಿಸಿತು. ವಿಶ್ವಸಂಸ್ಥೆಯ ಶಾಂತಿಪಾಲನೆಯ ಇತಿಹಾಸದಲ್ಲೇ ಅದು ಮೊದಲ ಸಂಪೂರ್ಣ ಮಹಿಳಾ ಪೊಲೀಸ್ ತುಕಡಿ. ರಾಜಧಾನಿ ಮನ್ರೋವಿಯಾದ ಬೀದಿಗಳಲ್ಲಿ ಅವರು ಸ್ಥಳೀಯ ಪೊಲೀಸರೊಡನೆ ರಾತ್ರಿ ಗಸ್ತು ತಿರುಗಿದರು, ಅಧ್ಯಕ್ಷರ ಕಚೇರಿಗೆ ಕಾವಲು ನಿಂತರು. 2016ರವರೆಗೆ ತುಕಡಿಗಳು ಸರದಿಯಂತೆ ಹೋಗಿ ಬಂದವು. ತರಬೇತಿ ಕೊಟ್ಟು, ಹೊಣೆ ಕೊಟ್ಟು ಕಳುಹಿಸಿದಾಗ ಸಾವಿರಾರು ಮೈಲು ದೂರದ ಪರದೇಶದಲ್ಲಿ ಸಾಧ್ಯವಾದುದು, ತಾಯ್ನೆಲದ ತಾಲೂಕು ಠಾಣೆಯಲ್ಲೇಕೆ ಸಾಧ್ಯವಾಗುವುದಿಲ್ಲ? ಕರ್ನಾಟಕದ ಪೊಲೀಸ್ ಪಡೆಯ ಚುಕ್ಕಾಣಿಯನ್ನು 2017ರಲ್ಲಿ ನೀಲಮಣಿ ರಾಜು ಅವರು ಹಿಡಿದಾಗ ರಾಜ್ಯಕ್ಕೆ ಮೊದಲ ಮಹಿಳಾ ಪೊಲೀಸ್ ಮುಖ್ಯಸ್ಥೆ ಸಿಕ್ಕಿದ್ದಕ್ಕೆ ಎಲ್ಲರೂ ಹೆಮ್ಮೆಪಟ್ಟರು. ಆ ಹೆಮ್ಮೆ ಠಾಣೆಯ ಮೂಲೆಯಲ್ಲಿ ಕಡತ ಬರೆಯುವ ಕಾನ್‌ಸ್ಟೆಬಲ್‌ವರೆಗೆ ಇಳಿಯಲಿಲ್ಲ.

ಮಧ್ಯಪ್ರದೇಶದಲ್ಲಿ ನಡೆದ ಪ್ರಯೋಗವೊಂದು ಇಲ್ಲಿ ಉಲ್ಲೇಖನೀಯ. ಎರಡು ಕೋಟಿಗೂ ಮಿಕ್ಕಿದ ಜನರಿಗೆ ಸೇವೆ ನೀಡುವ 180 ಠಾಣೆಗಳನ್ನು ಆರಿಸಿ, ಕೆಲವು ಠಾಣೆಗಳಲ್ಲಿ 'ಊರ್ಜಾ' ಎಂಬ ಹೆಸರಿನ ಮಹಿಳಾ ಸಹಾಯ ಕೇಂದ್ರಗಳನ್ನು ತೆರೆಯಲಾಯಿತು. ಪ್ರತ್ಯೇಕ ಕೋಣೆ, ದೂರು ಸ್ವೀಕರಿಸುವ ಸ್ಪಷ್ಟ ವಿಧಾನ, ಸಿಬ್ಬಂದಿಗೆ ತರಬೇತಿ, ಸ್ಥಳೀಯ ಮಹಿಳೆಯರೊಂದಿಗೆ ಸಂಪರ್ಕ, ಇವಿಷ್ಟು ಅದರ ಅಂಗಗಳು. ಕೆಲವು ಕೇಂದ್ರಗಳ ಹೊಣೆಯನ್ನು ಮಹಿಳಾ ಅಧಿಕಾರಿಗಳಿಗೇ ವಹಿಸಲಾಯಿತು. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಈ ಕೇಂದ್ರಗಳಿದ್ದ ಠಾಣೆಗಳಲ್ಲಿ ಮಹಿಳೆಯರ ಮೇಲಿನ ದೌರ್ಜನ್ಯದ ಪ್ರಕರಣಗಳು ಹೆಚ್ಚು ದಾಖಲಾದವು. ಮಹಿಳಾ ಅಧಿಕಾರಿಗಳು ನಡೆಸಿದ ಕೇಂದ್ರಗಳಲ್ಲಿ ವಿಶೇಷವಾಗಿ. ಗಮನಿಸಬೇಕಾದುದು ಇದನ್ನೇ: ಖಾಕಿ ತೊಟ್ಟ ಹೆಣ್ಣೊಬ್ಬಳು ಠಾಣೆಯಲ್ಲಿ ಇದ್ದಾಳೆ ಎಂಬುದರಿಂದ ಆದ ಬದಲಾವಣೆ ಇದಲ್ಲ. ಅವಳಿಗೆ ತರಬೇತಿ, ವಿಧಾನ, ಸ್ಥಳ ಮತ್ತು ಅಧಿಕಾರ ಒಟ್ಟಾಗಿ ದೊರೆತಾಗ ಆದ ಬದಲಾವಣೆ. ಕೇಂದ್ರ ಸರಕಾರವು 2019ರಲ್ಲಿ ನಿರ್ಭಯಾ ನಿಧಿಯಿಂದ 100 ಕೋಟಿ ರೂಪಾಯಿಯನ್ನು ದೇಶದಾದ್ಯಂತ ಇಂತಹ ಸಹಾಯ ಕೇಂದ್ರಗಳಿಗೆ ಮಂಜೂರು ಮಾಡಿತು. ಮೇಜು, ಕುರ್ಚಿ, ಫಲಕ ಬರುವುದು ಕಷ್ಟವಲ್ಲ. ಮೇಜಿನ ಹಿಂದೆ ಕುಳಿತವಳಿಗೆ ವಿದ್ಯೆ ಬಂದಿದೆಯೇ?

ಇದರಲ್ಲಿ ನಮ್ಮ ಸಮುದಾಯಕ್ಕೆ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಮುಸ್ಲಿಮ್ ಕುಟುಂಬಗಳಿಗೆ ಠಾಣೆಯೆಂದರೆ ಇಂದಿಗೂ ಭಯ. ಆ ಭಯಕ್ಕೆ ಇತಿಹಾಸವಿದೆ. 1978ರಲ್ಲಿ ಹೈದರಾಬಾದಿನಲ್ಲಿ ಪತಿಯೊಂದಿಗೆ ಸಿನಿಮಾ ನೋಡಿ ಮರಳುತ್ತಿದ್ದ ಬಡ ಮುಸ್ಲಿಮ್ ಮಹಿಳೆಯನ್ನು ನಲ್ಲಕುಂಟ ಠಾಣೆಯಲ್ಲಿ ಪೊಲೀಸರೇ ಅತ್ಯಾಚಾರಕ್ಕೊಳಪಡಿಸಿದರು, ಪ್ರತಿಭಟಿಸಿದ ಪತಿಯನ್ನು ಬಡಿದು ಕೊಂದರು ಎಂಬ ಆರೋಪ ನಗರವನ್ನೇ ಹೊತ್ತಿಸಿತು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಮುಕ್ತದರ್ ಆಯೋಗವು ಪೊಲೀಸರನ್ನು ತಪ್ಪಿತಸ್ಥರೆಂದಿತು. ಆದರೆ ಮೊಕದ್ದಮೆ ನಮ್ಮದೇ ರಾಯಚೂರಿನ ನ್ಯಾಯಾಲಯಕ್ಕೆ ವರ್ಗವಾಗಿ, ಅಲ್ಲಿ ಆರೋಪಿಗಳು ಖುಲಾಸೆಗೊಂಡರು. ಇನ್ನು ಪೂರ್ವಗ್ರಹದ ವಿಚಾರ. ಮುಸ್ಲಿಮರು ಸ್ವಭಾವತಃ ಅಪರಾಧದ ಕಡೆಗೆ ವಾಲುವವರೆಂದು ಸರಿಸುಮಾರು ಅರ್ಧದಷ್ಟು ಪೊಲೀಸರು ಹೆಚ್ಚೋ ಕಡಿಮೆಯೋ ಒಪ್ಪುತ್ತಾರೆಂದು ಮೇಲೆ ಹೇಳಿದ 2019ರ ವರದಿಯೇ ತಿಳಿಸುತ್ತದೆ. ಖಾಕಿ ತೊಟ್ಟವಳು ಹೆಣ್ಣು ಎಂದ ಮಾತ್ರಕ್ಕೆ ಈ ಪೂರ್ವಗ್ರಹದಿಂದ ಮುಕ್ತಳಾಗಿರುತ್ತಾಳೆಂದು ಭಾವಿಸುವುದು ಮುಗ್ಧತೆ. ಬುರ್ಖಾ ತೊಟ್ಟು ಬಂದ ದೂರುದಾರಳನ್ನು 'ನಿಮ್ಮಲ್ಲಿ ಇದೆಲ್ಲ ಮಾಮೂಲಿ ಅಲ್ವಾ' ಎಂಬ ಧಾಟಿಯಲ್ಲಿ ಕಾಣುವ ಮನಸ್ಸು ತರಬೇತಿ ಶಾಲೆಯಲ್ಲಿ ತಿದ್ದಲ್ಪಡಬೇಕು. ಪರ್ದಾದಲ್ಲಿರುವ ಮಹಿಳೆಯಿರುವ ಕೋಣೆಯನ್ನು, ಬಂಧನಕ್ಕಾಗಿ ಶೋಧಿಸಲು ಒಡೆದು ನುಗ್ಗುವ ಮುನ್ನ, ಆಕೆಗೆ ಹೊರಹೋಗಲು ಸೂಚನೆ ಮತ್ತು ಅವಕಾಶ ಕೊಡಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, ಹೊಸ ಸಂಹಿತೆಯಲ್ಲೂ ಇದೆ. ಎಷ್ಟು ಪೊಲೀಸರಿಗೆ ಇದನ್ನು ಯಾರಾದರೂ ಪಾಠ ಮಾಡಿದ್ದಾರೆ?

ಇಷ್ಟು ಹೇಳಿ ನಮ್ಮನ್ನು ನಾವು ಬಿಟ್ಟುಕೊಳ್ಳುವಂತಿಲ್ಲ. ವರದಕ್ಷಿಣೆಯ ಕಿರುಕುಳ ತಾಳಲಾರದ ಮಗಳಿಗೆ 'ಠಾಣೆಗೆ ಹೋದರೆ ಮನೆತನದ ಮಾನ ಹೋಗುತ್ತದೆ' ಎನ್ನುವ ತಂದೆ ನಮ್ಮಲ್ಲೇ ಇದ್ದಾರೆ. ಜಮಾಅತಿನಲ್ಲಿ ಮುಗಿಸೋಣವೆಂದು ವರ್ಷಗಟ್ಟಲೆ ಎಳೆದು, ಕೊನೆಗೆ ಮೈಮೇಲಿನ ಬರೆ ಮಾಸಿದ ಮೇಲೆ ಠಾಣೆಗೆ ಹೋಗುವವರೂ ಇದ್ದಾರೆ. ಆಗ ಸಾಕ್ಷ್ಯವೆಲ್ಲಿದೆ? ಪದವಿ ಮುಗಿಸಿದ ಮಗಳು ಪಿಎಸ್‌ಐ ಪರೀಕ್ಷೆಗೆ ಅರ್ಜಿ ಹಾಕುತ್ತೇನೆಂದರೆ ಮನೆಯೇ ಬೆಚ್ಚಿಬೀಳುತ್ತದೆ. ಹಾಗಂತ ತಪ್ಪೆಲ್ಲ ಮನೆಯವರದೂ ಅಲ್ಲ. ತಲೆವಸ್ತ್ರ ತೊಡಲು ಅನುಮತಿ ಕೇಳಿದ ವಿದ್ಯಾರ್ಥಿ ಪೊಲೀಸ್ ಕೆಡೆಟ್ ಬಾಲಕಿಯ ಮನವಿಯನ್ನು ಕೇರಳ ಸರಕಾರ 2022ರ ಜನವರಿಯಲ್ಲಿ ತಿರಸ್ಕರಿಸಿತು. ಸ್ಕಾಟ್ಲೆಂಡಿನ ಪೊಲೀಸರು 2016ರಲ್ಲಿ ಅದನ್ನು ಸಮವಸ್ತ್ರದ ಭಾಗವೆಂದೇ ಒಪ್ಪಿದರು. ಅಲ್ಲಿನ ಕಾನೂನು ಸುವ್ಯವಸ್ಥೆ ಕುಸಿದ ವರದಿಯೇನೂ ಬಂದಿಲ್ಲ. ಕರ್ನಾಟಕದ ಜನಸಂಖ್ಯೆಯಲ್ಲಿ ಶೇ. 12.2ರಷ್ಟಿದ್ದ ಮುಸ್ಲಿಮರು ರಾಜ್ಯ ಸರಕಾರಿ ನೌಕರಿಯಲ್ಲಿ ಶೇ. 8.5ರಷ್ಟಿದ್ದರೆಂದು 2006ರ ಸಾಚಾರ್ ವರದಿ ಹೇಳಿತ್ತು. ಪೊಲೀಸ್ ಪಡೆಗಳಲ್ಲಿ ಮುಸ್ಲಿಮರೆಷ್ಟು ಎಂಬ ಅಂಕಿಅಂಶವನ್ನು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ತನ್ನ ವಾರ್ಷಿಕ ವರದಿಯಲ್ಲಿ ಕೊಡುವುದನ್ನೇ 2013ರ ಬಳಿಕ ನಿಲ್ಲಿಸಿದೆ.

ಸರಕಾರವು ಮಾಡಬೇಕಾದುದು ದುಸ್ಸಾಧ್ಯವೇನಲ್ಲ. ಮಹಿಳಾ ಸಿಬ್ಬಂದಿಯ ತರಬೇತಿಯನ್ನು ಠಾಣಾಧಿಕಾರಿಯ ಮರ್ಜಿಗೆ ಬಿಡದೆ, ಇಂತಿಷ್ಟು ವರ್ಷಕ್ಕೊಮ್ಮೆ ಕಡ್ಡಾಯವೆಂದು ನಿಯಮ ಮಾಡಲಿ. ತರಬೇತಿಗೆ ಹೋದವರ ಜಾಗಕ್ಕೆ ಬದಲಿ ಸಿಬ್ಬಂದಿ ಕೊಡಲಿ. ಮೈಸೂರಿನ ಪೊಲೀಸ್ ಅಕಾಡೆಮಿಗೋ ಚನ್ನಪಟ್ಟಣದ ತರಬೇತಿ ಶಾಲೆಗೋ ಎಳೆಗೂಸಿನ ತಾಯಿ ಬರಬೇಕಾದರೆ ಅಲ್ಲಿ ಮಗುವಿಗೂ ಜಾಗವಿರಲಿ. ಇಲ್ಲವೇ ತರಬೇತಿಯೇ ಜಿಲ್ಲಾ ಕೇಂದ್ರಕ್ಕೆ ಬರಲಿ. ತರಬೇತಿ ಶಾಲೆಗೆ ವರ್ಗವೆಂದರೆ ಶಿಕ್ಷೆ ಎಂದು ಇಲಾಖೆಯಲ್ಲಿ ಬೇರೂರಿರುವ ಭಾವನೆ ಹೋಗಬೇಕಾದರೆ, ಉತ್ತಮ ತನಿಖಾಧಿಕಾರಿಗಳನ್ನೇ ಅಲ್ಲಿಗೆ ಬೋಧಕರಾಗಿ ಕಳುಹಿಸಿ ಅವರಿಗೆ ತಕ್ಕ ಭತ್ಯೆ ಕೊಡಬೇಕು. ಎಲ್ಲಕ್ಕೂ ಮಿಗಿಲಾಗಿ, ತನಿಖೆ ಕಲಿತು ಬಂದವಳಿಗೆ ತನಿಖೆಯನ್ನೇ ಕೊಡಬೇಕು. ಪ್ರಮಾಣಪತ್ರ ಹಿಡಿದು ಬಂದವಳನ್ನು ಮರುದಿನವೇ ಜಾತ್ರೆಯ ಬಂದೋಬಸ್ತಿಗೆ ಅಟ್ಟುವುದಾದರೆ ಆ ವೆಚ್ಚವನ್ನೂ ಉಳಿಸಬಹುದು. ಎರಡು ಬಾರಿ ನ್ಯಾಯದಾನದ ಶ್ರೇಯಾಂಕದಲ್ಲಿ, 2022 ಮತ್ತು 2025ರ ಜಸ್ಟಿಸ್ ರಿಪೋರ್ಟ್‌ಗಳಲ್ಲಿ, ದೊಡ್ಡ ರಾಜ್ಯಗಳ ಪೈಕಿ ಮೊದಲ ಸ್ಥಾನ ಗಳಿಸಿದ ಕರ್ನಾಟಕಕ್ಕೆ ಇದು ಹೊರೆಯಾಗಬಾರದು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಇನ್ನೂ ಜಾರಿಯಲ್ಲಿದೆ. ಪ್ರತಿ ಪಟ್ಟಣದ ಜಮಾಅತ್ ಅಥವಾ ಮಹಿಳಾ ಸಂಘಟನೆಯ ಸದಸ್ಯರೊಬ್ಬರು ತಮ್ಮ ಹೆಸರಿನಲ್ಲಿ ಹತ್ತು ರೂಪಾಯಿ ಶುಲ್ಕದೊಂದಿಗೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ಒಂದು ಅರ್ಜಿ ಹಾಕಲಿ. ನಮ್ಮ ಠಾಣೆಯಲ್ಲಿ ಮಹಿಳಾ ಸಿಬ್ಬಂದಿ ಎಷ್ಟು, ಅವರ ದರ್ಜೆ ಏನು, ಕಳೆದ ಐದು ವರ್ಷಗಳಲ್ಲಿ ಅವರಲ್ಲಿ ಯಾವ ದರ್ಜೆಯ ಎಷ್ಟು ಮಂದಿಗೆ ಯಾವ ವಿಷಯದಲ್ಲಿ ಎಷ್ಟು ದಿನ ತರಬೇತಿ ಕೊಡಲಾಗಿದೆ, ತರಬೇತಿಯ ಬಳಿಕ ಅವರಿಗೆ ಎಷ್ಟು ಪ್ರಕರಣಗಳ ತನಿಖೆ ವಹಿಸಲಾಗಿದೆ? ಇಷ್ಟೇ ಪ್ರಶ್ನೆಗಳು. 30 ದಿನಗಳೊಳಗೆ ಅವರು ಉತ್ತರಿಸಬೇಕು.